ಎಲಿವೇಷನ್ನಿಗೊಂದು ತೋಟ

ಯಾರದಾದರೂ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದರೆ ಊಟಕ್ಕೆ ಎಲೆ ಹಾಕುವ ಮೊದಲು ಬಂದವರಿಗೆ ಮನೆಯನ್ನೊಂದು ಸುತ್ತು ತೋರಿಸುವುದು ಪದ್ಧತಿ. ದೇವರ ಮನೆ, ಮಾಡ್ಯುಲರ್ ಅಡಿಗೆಮನೆ, ಮಹಡಿಯ ಮೇಲಿನ ಮಕ್ಕಳ ಕೋಣೆ ಎಲ್ಲವನ್ನೂ ಮೆಚ್ಚಿ ತಲೆಯಾಡಿಸಿ ಆದಮೇಲೆ ನಾನು ಮೆಲ್ಲಗೆ ಅಡಿಗೆಮನೆಯ ಹಿಂಬಾಗಿಲು ತೆರೆದು ಹಿಂದಕ್ಕೆ ಹೋಗಿ ನಿಂತುಬಿಡುತ್ತೇನೆ. ಹಿತ್ತಿಲು ನೋಡುವ ಚಪಲ. ಅಲ್ಲಿ ಕಾಣಸಿಗುವುದು ಮೂರಡಿ ಅಗಲದ ಓಣಿ. ಗ್ಯಾಸ್ ಸಿಲಿಂಡರಿನ ಗೂಡು, ವಾಷಿಂಗ್ ಮಷೀನಿನ ಪೈಪು, ಡ್ರೈನೇಜಿನ ಚೇಂಬರು, ಕಟ್ಟಿ ಉಳಿದ ಟೈಲ್ಸಿನ ಚೂರುಗಳು. ಆಕಾಶ ನೋಡಬೇಕೆಂದರೆ ಕತ್ತನ್ನು ಪೂರಾ ಎತ್ತಬೇಕು. ಅಷ್ಟರಲ್ಲಿ ಮನೆಯೊಡತಿ ಹುಡುಕಿಕೊಂಡು ಬಂದು, "ಅಯ್ಯೋ, ಇಲ್ಲೇನ್ ನೋಡ್ತೀರಾ ಟೀಚರ್, ತೋಟ ಇರೋದು ಮುಂದೆ" ಎಂದು ಕೈಹಿಡಿದು ಕರೆದುಕೊಂಡು ಹೋಗುತ್ತಾರೆ.

ಮುಂದೆ ತೋಟ ಇರುತ್ತದೆ, ನಿಜ. ಗೇಟಿನ ಒಂದು ಪಕ್ಕಕ್ಕೆ ಕಾರಿನ ದಾರಿ, ಇನ್ನೊಂದು ಪಕ್ಕಕ್ಕೆ ಕಂಬಳಿಯಷ್ಟು ಅಗಲದ ಹುಲ್ಲುಹಾಸು. ಹುಲ್ಲಿಗೆ ಮೆಕ್ಸಿಕನ್ ಗ್ರಾಸ್ ಎಂಬ ದೊಡ್ಡ ಹೆಸರು. ಹುಲ್ಲಿನ ಅಂಚಿಗೆ ಬಿಳಿ ಉರುಟು ಕಲ್ಲು, ಮೂಲೆಗೆರಡು ಪಾಮ್ ಗಿಡ, ಗೋಡೆಯ ಉದ್ದಕ್ಕೂ ಕತ್ತರಿಸಿ ಡಬ್ಬಿಯ ಆಕಾರ ಮಾಡಿದ ದುರಾಂತ, ನಡುವೆ ಒಂಟಿ ಕಾಲಿನಲ್ಲಿ ನಿಂತ ಸಿಮೆಂಟಿನ ಕೊಕ್ಕರೆ. ಹುಲ್ಲಿನ ಮೇಲೆ ಕಾಲಿಡುವ ಹಾಗಿಲ್ಲ. ಕೂರುವುದಕ್ಕೆ ಜಾಗವೂ ಇಲ್ಲ. ಕಿತ್ತು ಮುಡಿಯಲು ಹೂವಿಲ್ಲ, ಒಗ್ಗರಣೆಗೆ ಒಂದೆಸಳು ಕರಿಬೇವಿಲ್ಲ. ರಸ್ತೆಯಲ್ಲಿ ನಿಂತು ನೋಡಿದರೆ ಮಾತ್ರ ಎಲ್ಲವೂ ಬಹಳ ಚೆಂದ. ಮನೆಯೊಳಗಿನ ಯಾವ ಕಿಟಕಿಯಿಂದ ನೋಡಿದರೂ ಕಾಣುವುದು ಪಾಮಿನ ಬುಡ ಮತ್ತು ಕೊಕ್ಕರೆಯ ಬೆನ್ನು.

ಮನೆ ಕಟ್ಟುವವರ ಮಾತಿನಲ್ಲಿ ಎಲಿವೇಷನ್ ಎಂಬ ಪದ ಈಗ ಎಲ್ಲರ ಬಾಯಲ್ಲೂ ಇದೆ. ಕಟ್ಟಡದ ಎದುರು ಮುಖ ಎಂದು ಅದರ ಅರ್ಥ. 'ಎಲಿವೇಷನ್ ಹೇಗಿದೆ?' ಎಂದು ಕೇಳುವವರೇ ಎಲ್ಲ. ಬೆನ್ನು ಹೇಗಿದೆ, ಪಕ್ಕೆ ಹೇಗಿದೆ ಎಂದು ಕೇಳುವವರನ್ನು ನಾನು ಕಂಡಿಲ್ಲ. ನಮ್ಮ ಊರುಗಳ ಹೊಸ ತೋಟಗಳು ಈ ಎಲಿವೇಷನ್ನಿಗೆ ತೊಡಿಸಿದ ಒಡವೆಗಳು. ಮನೆಗೂ ಅವಕ್ಕೂ ಸಂಬಂಧವಿಲ್ಲ, ಮನೆಯೊಳಗೆ ಇರುವವರಿಗೂ ಇಲ್ಲ. ನನ್ನ ತಕರಾರು ಇಷ್ಟೇ. ಉಳಿದದ್ದೆಲ್ಲ ಅದರ ವಿವರಣೆ.

ಇದನ್ನು ಹೇಳಲು ನನಗೇನು ಅಧಿಕಾರ ಎಂದು ಕೇಳಬಹುದು. ನಾನು ಓದಿದ್ದು ಬಿ.ಎ., ಬಿ.ಎಡ್.; ಪಾಠ ಮಾಡುವುದು ಸಮಾಜ ವಿಜ್ಞಾನ. ವಾಸ್ತುಶಿಲ್ಪ ನನ್ನ ವಿಷಯವಲ್ಲ. ಆದರೆ ಐವತ್ತು ಚಿಲ್ಲರೆ ವರ್ಷ ಮನೆಗಳೊಳಗೆ ಬಾಳಿದ್ದೇನೆ, ಬಾವಿಯಿಂದ ನೀರು ಸೇದಿ ಗಿಡಕ್ಕೆ ಹೊತ್ತಿದ್ದೇನೆ, ಅಂಗಳ ಗುಡಿಸಿದ್ದೇನೆ. ಮನೆಯ ನಕ್ಷೆಯನ್ನು ಗಂಡಸರು ನೋಡುವುದು ಒಂದು ಸಲ, ಕಾಲಿನಲ್ಲಿ ದಿನವೂ ಅಳೆಯುವವರು ನಾವು.

ನನ್ನ ಗಂಡನ ಮನೆ ಸಾಗರದ ಕಡೆಯ ಒಂದು ಹಳ್ಳಿಯಲ್ಲಿ. ಅಡಿಕೆ ತೋಟದ ಮೇಲಿನ ದಿಣ್ಣೆಯ ಮೇಲೆ ಮನೆ. ಇಳಿಜಾರು ಮಾಡು, ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದ ಮೇಲೆ ಆ ಕೆಂಪು ಹೆಂಚು ಘಟ್ಟ ಹತ್ತಿ ಬಂದು ನಮ್ಮ ಮಲೆನಾಡಿನ ಮನೆಗಳ ಮುಖವನ್ನೇ ಬದಲಿಸಿತು. ಆ ಮನೆಯಲ್ಲಿ ತೋಟ ಮಾಡಬೇಕೆಂದು ಯಾರೂ ನಕ್ಷೆ ಬರೆದಿರಲಿಲ್ಲ. ಆದರೂ ಪ್ರತಿ ಗಿಡವೂ ತಾನಿರುವಲ್ಲೇ ಏಕೆ ಇದೆ ಎಂಬುದಕ್ಕೆ ಕಟ್ಟಡ ಕಾರಣ ಹೇಳುತ್ತಿತ್ತು. ಸೂರು ತಗ್ಗು, ಸೂರಿನಿಂದ ಮಳೆಗಾಲದಲ್ಲಿ ನೀರು ಧಾರೆ ಧಾರೆಯಾಗಿ ಬೀಳುತ್ತದೆ. ಬೀಳುವ ಗೆರೆಯ ಉದ್ದಕ್ಕೂ ಚಪ್ಪಡಿ ಕಲ್ಲು, ಅದರಾಚೆ ನೀರು ಕಂಡರೆ ಹಿಗ್ಗುವ ಕೆಸು, ಅರಿಶಿನ, ಶುಂಠಿ. ಜಗಲಿಯಿಂದ ಇಳಿದರೆ ಅಂಗಳ. ಅಂಗಳದ ನಡುವೆ, ಬಾಗಿಲಿಗೆ ನೇರವಾಗಿ ತುಳಸಿಕಟ್ಟೆ. ದೇವರ ಮುಂದೆ ಕೂತವರಿಗೂ ಅದು ಕಾಣಬೇಕು, ಜಗಲಿಯಲ್ಲಿ ಕೂತವರಿಗೂ ಕಾಣಬೇಕು. ಕೊಯ್ಲಿನ ಕಾಲಕ್ಕೆ ಅಂಗಳದ ಮೇಲೆ ಅಡಿಕೆ ಮರದ ದಬ್ಬೆಯ ಚಪ್ಪರ ಏಳುತ್ತದೆ. ಮೇಲೆ ಅಡಿಕೆ ಒಣಗುತ್ತದೆ, ಬೇಸಿಗೆಯಲ್ಲಿ ಕೆಳಗೆ ಮನೆಯ ಮುಂಭಾಗಕ್ಕೆಲ್ಲ ನೆರಳು. ಮಳೆ ಹಿಡಿಯುವ ಮೊದಲು ಹೊದಿಕೆ ತೆಗೆದರೆ ಕತ್ತಲೆಯ ಆ ತಿಂಗಳುಗಳಲ್ಲಿ ಮನೆಗೆ ಬೆಳಕು ಬರುತ್ತದೆ. ಸೆಕೆಗೆ ಮುಚ್ಚಿಕೊಂಡು ಮೋಡಕ್ಕೆ ತೆರೆದುಕೊಳ್ಳುವ ಇಂಥ ಮಾಡನ್ನು ದುಡ್ಡು ಕೊಟ್ಟು ಮಾಡಿಸಿಕೊಂಡ ಶ್ರೀಮಂತರ ಮನೆಗಳ ಚಿತ್ರವನ್ನು ಪತ್ರಿಕೆಗಳಲ್ಲಿ ನೋಡುವಾಗ ನನಗೆ ನಗು ಬರುತ್ತದೆ.

ಮನೆಯ ಹಿಂದೆ ಬಚ್ಚಲು. ಬಚ್ಚಲಿನ ನೀರು ಹೋಗುವಲ್ಲಿ ಬಾಳೆ, ಅದರ ಪಕ್ಕ ಬಸಳೆಯ ಚಪ್ಪರ. ಅಡಿಗೆಮನೆಯ ಬಾಗಿಲಿನಿಂದ ನಾಲ್ಕು ಹೆಜ್ಜೆಗೆ ಕರಿಬೇವು, ದೊಡ್ಡಪತ್ರೆ, ಒಂದೆಲಗ. ಸಾರು ಕುದಿಯುತ್ತಿರುವಾಗ ಓಡಿಹೋಗಿ ಕಿತ್ತು ತರುವಷ್ಟು ಹತ್ತಿರ. ನುಗ್ಗೆ ಸ್ವಲ್ಪ ದೂರ, ಏಕೆಂದರೆ ಕಂಬಳಿಹುಳ. ಇನ್ನು ಹೂವೆಂದರೆ ಡೇರೆ. ಮಳೆಗಾಲದಲ್ಲಿ ಮಲೆನಾಡಿನ ಹೆಂಗಸರು ಎಲ್ಲಿ ಸೇರಿದರೂ ಮಾತು ಡೇರೆಗೆ ಬಂದು ನಿಲ್ಲುತ್ತದೆ. ಯಾರ ಮನೆಯಲ್ಲಿ ಯಾವ ಬಣ್ಣ, ಯಾರು ಗಡ್ಡೆ ಕೊಡುತ್ತಾರೆ, ಯಾರು ಕೊಡುತ್ತೇನೆಂದು ಹೇಳಿ ಕೊಡುವುದಿಲ್ಲ ಎಂಬುದೆಲ್ಲ ಲೆಕ್ಕದಲ್ಲಿರುತ್ತದೆ. ಈ ಡೇರೆಯ ತವರು ಮೆಕ್ಸಿಕೋ. ನಮ್ಮ ಪೇರಲೆ, ಪಪ್ಪಾಯಿ, ಮೆಣಸಿನಕಾಯಿ ಎಲ್ಲವೂ ಅತ್ತ ಅಮೆರಿಕ ಖಂಡದಿಂದ ಬಂದವೇ. ಹಾಗಾಗಿ ಪರದೇಶದ ಗಿಡವೆಂದು ನಾನು ಯಾವುದನ್ನೂ ದೂರುವವಳಲ್ಲ. ಆ ಮೆಕ್ಸಿಕೋ ಹೂವು ನಮ್ಮ ಮಳೆಗೆ, ನಮ್ಮ ಚೌತಿಗೆ ಹೊಂದಿಕೊಂಡಿತು. ಈ ಮೆಕ್ಸಿಕನ್ ಹುಲ್ಲು ನಮ್ಮ ಸಂಪಿನ ನೀರಿಗೆ ಕಾದು ಕುಳಿತಿರುತ್ತದೆ.

ಹಳೆಯದನ್ನೆಲ್ಲ ಹೊಗಳುತ್ತಿದ್ದಾಳೆ ಎಂದುಕೊಳ್ಳಬೇಡಿ. ಆ ಹಿತ್ತಿಲು ಹೆಂಗಸರ ದುಡಿಮೆಯ ಮೇಲೆ ನಿಂತದ್ದು. ಬೆಳಗಿನ ಜಾವ ಎದ್ದು ಅಂಗಳಕ್ಕೆ ಸಗಣಿ ಸಾರಿಸಿದವರು ಯಾರು, ಮಳೆಗಾಲದಲ್ಲಿ ಪಾಚಿಗೆ ಜಾರಿ ಬಿದ್ದವರು ಯಾರು ಎಂದು ಯಾವ ನಕ್ಷೆಯೂ ಹೇಳುವುದಿಲ್ಲ. ತಿಂಗಳ ಮೂರು ದಿನ ಒಳಗೆ ಬರಬಾರದೆಂದು ಕೂರಿಸುತ್ತಿದ್ದುದೂ ಅದೇ ಹಿತ್ತಿಲ ಕಡೆಯ ಕೋಣೆಯಲ್ಲಿ. ಗಂಡಸರಿಗೆ ಜಗಲಿ, ಹೆಂಗಸರಿಗೆ ಹಿತ್ತಿಲು ಎಂಬ ಪಾಲು ಯಾರೂ ಬಾಯಿಬಿಟ್ಟು ಹೇಳದೆ ಆಗಿತ್ತು. ಆದರೂ ಒಂದು ಮಾತು ಹೇಳಲೇಬೇಕು. ಪಾಲಿನಲ್ಲಿ ಬಂದದ್ದೇ ಆಗಲಿ, ಅದು ನಮ್ಮ ಜಾಗವಾಗಿತ್ತು. ಅತ್ತೆಯ ಕಣ್ಣು ತಪ್ಪಿಸಿ ಅಳುವುದಕ್ಕೆ, ಪಕ್ಕದ ಮನೆಯವಳೊಡನೆ ಬೇಲಿಯ ಮೇಲಿಂದ ಮಾತಾಡುವುದಕ್ಕೆ, ಕೂದಲೊಣಗಿಸುತ್ತ ಬಿಸಿಲಿಗೆ ಕೂರುವುದಕ್ಕೆ. ಹೊಸ ಮನೆ ನಮಗೆ ಬೇಕಾದಷ್ಟನ್ನು ಕೊಟ್ಟಿದೆ, ನಲ್ಲಿ ನೀರನ್ನೂ ಬಾಗಿಲಿರುವ ಬಚ್ಚಲನ್ನೂ ಕೊಟ್ಟಿದೆ. ಅದು ಕಿತ್ತುಕೊಂಡದ್ದು ಆಕಾಶದ ಕೆಳಗಿನ ಆ ಒಂದು ಜಾಗವನ್ನು. ಅದರ ಬದಲಿಗೆ ಕೊಟ್ಟದ್ದು, ರಸ್ತೆಯವರು ನೋಡುವ ಒಂದು ಹುಲ್ಲುಹಾಸು.

ಹಾಗೆಂದು ಸಾಗರದ ಹಿತ್ತಿಲನ್ನು ಹೊತ್ತುಕೊಂಡು ಹೋಗಿ ಚಿತ್ರದುರ್ಗದಲ್ಲಿ ಇಡಲಾಗದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲ್ಪಟ್ಟು ಸುರಿಯುತ್ತದೆ. ಚಿತ್ರದುರ್ಗದ ಕಡೆ ಅದರ ಹತ್ತನೇ ಒಂದು ಪಾಲು ಬಂದರೆ ಒಳ್ಳೆಯ ವರ್ಷ. ಬಯಲುಸೀಮೆಯವರು ಅದಕ್ಕೆ ತಕ್ಕಂತೆ ಚಪ್ಪಟೆ ಮಾಳಿಗೆಯ, ದಪ್ಪ ಮಣ್ಣುಗೋಡೆಯ, ಚಿಕ್ಕ ಕಿಟಕಿಯ ಮನೆ ಕಟ್ಟಿಕೊಂಡರು. ಅಲ್ಲಿ ಮನೆಗೆ ಅಂಟಿದ ತೋಟ ಕಡಿಮೆ. ಬಾಗಿಲ ಮುಂದೆ ಒಂದು ಬೇವು, ಅದರ ಸುತ್ತ ಕಟ್ಟೆ. ಇಡೀ ಮನೆಯ ತೋಟವೆಂದರೆ ಆ ಒಂದು ಮರ, ಅಷ್ಟೇ. ಬಿಸಿಲಿಗೆ ಮುಖ ಮುಚ್ಚಿಕೊಂಡ ಮನೆಗೆ ಆ ಒಂದು ನೆರಳು ಸಾಕು. ಅಲ್ಲಿ ನೂರು ಗಿಡ ನೆಟ್ಟಿದ್ದರೆ ನೀರಿಗೂ ಖಂಡಿತ, ಮನೆಗೂ ಒಪ್ಪುತ್ತಿರಲಿಲ್ಲ. ನಮ್ಮ ಹಿರಿಯರಿಗೆ 'ಲ್ಯಾಂಡ್‌ಸ್ಕೇಪ್' ಎಂಬ ಪದ ಗೊತ್ತಿರಲಿಲ್ಲ, ಆದರೆ ಎಲ್ಲಿ ಎಷ್ಟು ಗಿಡ ಬೇಕೆಂಬ ಅಳತೆ ಗೊತ್ತಿತ್ತು.

ಮನೆ ಮತ್ತು ತೋಟ ಒಂದೇ ಕೈಯ ಕೆಲಸದ ಹಾಗೆ ಕಾಣಬೇಕೆಂದು ಬೇರೆ ಕಡೆ ಯೋಚಿಸಿದವರ ಕತೆಗಳನ್ನು ಲೈಬ್ರರಿಯ ಪುಸ್ತಕಗಳಲ್ಲಿ ಓದಿದ್ದೇನೆ. ಅವುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇಂಗ್ಲೆಂಡಿನ ಗರ್ಟ್ರೂಡ್ ಜೀಕಿಲ್ ಎಂಬ ಹೆಣ್ಣುಮಗಳದ್ದು. ಹುಟ್ಟಿದ್ದು 1843ರಲ್ಲಿ. ಚಿತ್ರಕಲೆ ಕಲಿತವಳು, ಕಸೂತಿ ಮಾಡುತ್ತಿದ್ದವಳು. ಕಣ್ಣಿನ ದೃಷ್ಟಿ ಕ್ಷೀಣಿಸುತ್ತ ಬಂದು ಆ ಸೂಕ್ಷ್ಮ ಕೆಲಸ ಕೈಬಿಡಬೇಕಾದಾಗ ತೋಟಕ್ಕೆ ತಿರುಗಿದಳು. ಹತ್ತಿರದ್ದು ಮಾತ್ರ ಸ್ಪಷ್ಟ, ದೂರದ್ದೆಲ್ಲ ಬಣ್ಣಬಣ್ಣದ ಮಂಜು. ಬಹುಶಃ ಅದರಿಂದಲೇ ಅವಳ ತೋಟಗಳಲ್ಲಿ ಬಣ್ಣಗಳು ಒಂದರೊಳಗೊಂದು ಕರಗುತ್ತ ಹೋಗುತ್ತವೆ. 1889ರಲ್ಲಿ ಅವಳಿಗೆ ಎಡ್ವಿನ್ ಲುಟಿಯನ್ಸ್ ಎಂಬ ಇಪ್ಪತ್ತು ವರ್ಷದ ಹುಡುಗನ ಪರಿಚಯವಾಯಿತು. ಮುಂದೆ ಹೊಸದಿಲ್ಲಿಯನ್ನು ಕಟ್ಟಿದ ಲುಟಿಯನ್ಸ್ ಈತನೇ. ಸರ್ರೆ ಪ್ರಾಂತದ ಮನ್‌ಸ್ಟೆಡ್ ವುಡ್ ಎಂಬಲ್ಲಿ ಅವಳ ಮನೆಯನ್ನು ಆತ ಕಟ್ಟಿದ್ದು 1897ರ ಹೊತ್ತಿಗೆ. ಸ್ವಾರಸ್ಯವೆಂದರೆ ಅಷ್ಟರಲ್ಲಿ ಅಲ್ಲಿನ ತೋಟಕ್ಕೆ ಹತ್ತು ವರ್ಷಕ್ಕೂ ಮೇಲೆ ವಯಸ್ಸಾಗಿತ್ತು. ಮೊದಲು ತೋಟ, ಆಮೇಲೆ ಆ ತೋಟಕ್ಕೆ ಹೊಂದುವ ಮನೆ! ನಮ್ಮಲ್ಲಿ ಸೈಟಿನಲ್ಲಿದ್ದ ಮರವನ್ನು ಕಡಿದು ಭೂಮಿಪೂಜೆ ಮಾಡಿ, ಮನೆ ಮುಗಿದ ಮೇಲೆ ನರ್ಸರಿಗೆ ಹೋಗಿ ಮರ ಕೊಳ್ಳುತ್ತೇವೆ.

ಇಬ್ಬರೂ ಸೇರಿ ಬಹಳ ತೋಟಗಳನ್ನು ಮಾಡಿದರು. ಸಾಮರ್‌ಸೆಟ್‌ನ ಹೆಸ್ಟರ್‌ಕೂಂಬ್ ಅವುಗಳಲ್ಲಿ ಹೆಸರಾದದ್ದು. ಕೆಲಸ ಶುರುವಾದದ್ದು 1904ರಲ್ಲಿ. ಕಲ್ಲಿನ ಮೆಟ್ಟಿಲು, ನೀರಿನ ಕಾಲುವೆ, ಗೋಡೆ, ಚಪ್ಪರದ ಗೆರೆಗಳು ಅವನವು. ಆ ಗೆರೆಗಳ ಗಡಸುತನವನ್ನು ಗಿಡಗಳಿಂದ ಮೆದುವಾಗಿಸಿದವಳು ಅವಳು. ಸೀರೆಯ ಅಂಚು ಗಟ್ಟಿ ಇರಬೇಕು, ಒಡಲು ಹರಿಯಬೇಕು ಎನ್ನುತ್ತೇವಲ್ಲ, ಹಾಗೆ. ನಮ್ಮ ಹೊಸ ತೋಟಗಳಲ್ಲಿ ಇದು ತಲೆಕೆಳಗು. ಮನೆಯ ಗೆರೆಗಳು ಕಾಂಕ್ರೀಟಿನ ಡಬ್ಬಿ, ಗಿಡಗಳನ್ನೂ ಕತ್ತರಿಸಿ ಡಬ್ಬಿ ಮಾಡುತ್ತೇವೆ. ನೆಟ್ಟಗೆ ಇರಬೇಕಾದ ದಾರಿಯನ್ನು ಮಾತ್ರ ಹಾವಿನ ಹಾಗೆ ಬಳುಕಿಸುತ್ತೇವೆ. ಇಪ್ಪತ್ತಡಿ ಜಾಗದಲ್ಲಿ ಬಳುಕುವ ದಾರಿ ಯಾರಿಗೆ ಬೇಕು? ಗೇಟಿನಿಂದ ಬಾಗಿಲಿಗೆ ದಾರಿ ಯಾವುದೆಂದು ತೀರ್ಮಾನಿಸುವವನು ಹಾಲಿನವನು. ಅವನು ಹುಲ್ಲಿನ ಮೇಲೆ ನೇರ ನಡೆದು ಬರುತ್ತಾನೆ, ಮೂರು ತಿಂಗಳಲ್ಲಿ ಅಲ್ಲೊಂದು ಬೋಳು ಗೆರೆ ಮೂಡುತ್ತದೆ.

ಜೀಕಿಲಳ ತೋಟಗಳನ್ನೂ ಕಣ್ಣುಮುಚ್ಚಿ ಒಪ್ಪುವವಳಲ್ಲ ನಾನು. ಅವಳ ಹೂಪಟ್ಟಿಗಳಿಗೆ ಇಂಗ್ಲೆಂಡಿನ ತೆಳು ಬಿಸಿಲು ಬೇಕು, ಜಿಟಿಜಿಟಿ ಮಳೆ ಬೇಕು, ಸಂಬಳದ ಮಾಲಿಗಳು ಬೇಕು. ಆ ಚಿತ್ರ ನೋಡಿ ದಾವಣಗೆರೆಯಲ್ಲಿ ಹೂಪಟ್ಟಿ ಮಾಡಹೊರಟರೆ ಏಪ್ರಿಲಿನಲ್ಲಿ ಸುಟ್ಟ ಕಡ್ಡಿಗಳ ಪಟ್ಟಿಯಾಗುತ್ತದೆ. ನಮಗೆ ಹತ್ತಿರದವನು ಶ್ರೀಲಂಕಾದ ಜೆಫ್ರಿ ಬಾವಾ. ವಕೀಲನಾಗಿದ್ದವನು. 1948ರಲ್ಲಿ ಬೆಂಟೋಟದ ಬಳಿ ಒಂದು ರಬ್ಬರ್ ಎಸ್ಟೇಟು ಕೊಂಡು, ಅದನ್ನು ತೋಟ ಮಾಡುವ ಹುಚ್ಚಿನಲ್ಲಿ ವಾಸ್ತುಶಿಲ್ಪ ಕಲಿಯಲು ಹೋದ. ಲುನುಗಂಗಾ ಎಂದು ಅದರ ಹೆಸರು. 2003ರಲ್ಲಿ ಸಾಯುವವರೆಗೂ ಅದನ್ನು ತಿದ್ದುತ್ತಲೇ ಇದ್ದ. ದೇವಕಣಗಿಲೆಯ ಕೊಂಬೆಗಳು ಬೇಕಾದ ಕಡೆ ಬಾಗಲೆಂದು ಅವಕ್ಕೆ ಭಾರ ತೂಗುಹಾಕಿ ಬೆಳೆಸಿದನಂತೆ. ಆದರೆ ಎಕರೆಗಟ್ಟಲೆಯ ಲುನುಗಂಗಾ ನಮ್ಮ ಸೈಟುಗಳವರಿಗೆ ಕನಸು. ನಮಗೆ ಪಾಠವಾಗುವುದು ಕೊಲಂಬೊ ನಗರದ ಗಲ್ಲಿಯಲ್ಲಿ ಅವನಿದ್ದ ಮನೆ. ಸಾಲುಮನೆಗಳಲ್ಲೊಂದನ್ನು ಹಿಡಿದು, ವರ್ಷಗಳು ಕಳೆದಂತೆ ಪಕ್ಕದ ಪುಟ್ಟ ಮನೆಗಳನ್ನೂ ಸೇರಿಸಿಕೊಂಡು ನಾಲ್ಕನ್ನು ಒಂದು ಮಾಡಿದ. ತೋಟಕ್ಕೆ ಎದುರುಗಡೆ ಜಾಗವೇ ಇಲ್ಲ. ಅದಕ್ಕೆ ಅವನು ಮನೆಯ ಒಳಗೇ ಅಲ್ಲಲ್ಲಿ ಮಾಡು ತೆರೆದು ಸಣ್ಣ ಸಣ್ಣ ಅಂಗಳಗಳನ್ನು ಮಾಡಿದ. ಕೋಣೆಯಲ್ಲಿ ಕೂತವನಿಗೆ ಬೆಳಕು, ಗಾಳಿ, ಹಸಿರು ಎಲ್ಲ ಒಟ್ಟಿಗೆ ಸಿಗುತ್ತದೆ. ಓದುತ್ತಿದ್ದಂತೆ ನನಗೆ ಅನ್ನಿಸಿದ್ದು, ಇದು ನಮ್ಮ ತೊಟ್ಟಿಮನೆಯಲ್ಲವೇ ಎಂದು. 30×40ರ ಸೈಟಿನಲ್ಲಿ ಸುತ್ತ ಮೂರಡಿ ಮೂರಡಿಯಾಗಿ ಹರಿದು ಹಂಚಿಹೋಗುವ ಜಾಗವನ್ನು ಒಂದು ಕಡೆ ಕೂಡಿಹಾಕಿ ಎಂಟಡಿ ಚದರದ ಒಂದು ತೊಟ್ಟಿ ಮಾಡಲು ನಗರಸಭೆಯ ಕಾನೂನು ಬಿಡುವುದಿಲ್ಲ ಎನ್ನುತ್ತಾರೆ ಇಂಜಿನಿಯರುಗಳು. ಸುತ್ತ ಬಿಡುವುದನ್ನು ಬಿಟ್ಟೂ ಒಳಗೊಂದು ತೊಟ್ಟಿ ತೆಗೆಯಬಹುದಲ್ಲ ಎಂದರೆ, 'ಒಂದು ಬೆಡ್‌ರೂಮು ಹೋಗುತ್ತದೆ ಮೇಡಂ' ಎನ್ನುತ್ತಾರೆ. ಆ ಬೆಡ್‌ರೂಮಿನಲ್ಲಿ ಇರಬೇಕಾದ ಮಕ್ಕಳು ಬೆಂಗಳೂರಿನಲ್ಲೋ ಟೆಕ್ಸಾಸಿನಲ್ಲೋ ಇರುತ್ತಾರೆ.

ನಮ್ಮವರ ತೋಟದ ಕಲ್ಪನೆ ಕೆಟ್ಟದ್ದಕ್ಕೆ ಅರ್ಧ ಕಾರಣ ಶಾಲೆಯ ಪ್ರವಾಸಗಳು ಎಂದು ನನ್ನ ಗುಮಾನಿ; ನಾನೇ ಎಷ್ಟು ಬಸ್ಸು ಮಕ್ಕಳನ್ನು ಕರೆದೊಯ್ದಿಲ್ಲ! ತೋಟವೆಂದರೆ ಕನ್ನಂಬಾಡಿಯ ಬೃಂದಾವನ, ಇಲ್ಲವೇ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಬೃಂದಾವನವು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯನ್ನು ಕಣ್ಣಮುಂದಿಟ್ಟುಕೊಂಡು ಆದದ್ದು. ಅಷ್ಟು ದೊಡ್ಡ ಅಣೆಕಟ್ಟೆಯ ಗೋಡೆ ಹಿಂದೆ ನಿಂತಿರುವಾಗ ಮುಂದೆ ಅಷ್ಟೇ ದೊಡ್ಡ ಮೆಟ್ಟಿಲು ಮೆಟ್ಟಿಲಿನ ತೋಟ, ಸಾಲು ಕಾರಂಜಿ ಒಪ್ಪುತ್ತದೆ. ಅದರ ಮುಂದೆ ಸಾವಿರಾರು ಜನ ನಡೆಯುತ್ತಾರೆ. ಅದೇ ಕಾರಂಜಿಯನ್ನು ಕೊಡದಷ್ಟು ಮಾಡಿ ಪೋರ್ಟಿಕೋದ ಪಕ್ಕ ಇಟ್ಟರೆ ಸೊಳ್ಳೆ ಸಾಕಿದಂತೆ. ಲಾಲ್‌ಬಾಗನ್ನು 1908ರಿಂದ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಮರ ಹೂಬಿಟ್ಟು ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದ ಎಂದು ಓದುತ್ತೇವೆ. ಆತ ಯೋಚಿಸಿದ್ದು ಬೀದಿಯ ಅಗಲ, ಊರಿನ ವರ್ಷ ಇವುಗಳನ್ನು ಹಿಡಿದು. ಅವನಿಂದ ನಾವು ಕಲಿಯಬೇಕಾದದ್ದು ಆ ಯೋಚನೆಯ ಕ್ರಮವನ್ನು. ನಾವು ತಂದದ್ದು ಪ್ರದರ್ಶನದ ಕುಂಡಗಳನ್ನು.

ಇಷ್ಟು ಹೇಳಿದ ಮೇಲೆ ಒಂದು ಮನೆಯನ್ನು ಹಿಡಿದು ನೋಡೋಣ. ನನ್ನ ನಾದಿನಿ ದಾವಣಗೆರೆಯಲ್ಲಿ 40×60ರ ಸೈಟಿನಲ್ಲಿ ಮನೆ ಕಟ್ಟಿಸಿದಳು. ಪಡುವಣ ರಸ್ತೆಯ ಮನೆ. ಸಾಗರದ ಹಳ್ಳಿಯ ಮನೆಗೆ ಬೀಗ ಬಿದ್ದ ಮೇಲೆ ಎಂಬತ್ತು ದಾಟಿದ ನಮ್ಮ ಅತ್ತೆ ಮಗಳ ಜೊತೆ ಅಲ್ಲೇ ಇದ್ದಾರೆ. ಮುಂದೆ ಕಾರಿನ ದಾರಿ ಬಿಟ್ಟು ಇಪ್ಪತ್ತೆಂಟು ಅಡಿ ಅಗಲ, ಹದಿನೆಂಟು ಅಡಿ ಉದ್ದದ ಜಾಗ ಉಳಿದಿತ್ತು. ಲ್ಯಾಂಡ್‌ಸ್ಕೇಪ್ ಕಂಟ್ರಾಕ್ಟರರೊಬ್ಬರು ಬಣ್ಣದ ಚಿತ್ರ ತಂದರು. ಪೂರಾ ಹುಲ್ಲು, ನಾಲ್ಕು ಫಾಕ್ಸ್‌ಟೇಲ್ ಪಾಮ್, ಹಿಂದೆ ಬುದ್ಧನ ಮುಖ, ಅದರ ಬಾಯಿಯ ಕೆಳಗೆ ನೀರು ಬೀಳುವ ಗೋಡೆ. ನಾನು ಆ ಚಿತ್ರವನ್ನು ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ ನೋಡಿದೆ.

ಮೊದಲನೆಯದು, ಸೂರ್ಯ ಎಲ್ಲಿದ್ದಾನೆ ಎಂಬುದು ಚಿತ್ರದಲ್ಲಿ ಇರಲಿಲ್ಲ. ಮಕ್ಕಳಿಗೆ ಭೂಗೋಲ ಇಟ್ಟುಕೊಂಡು ಹೇಳುವ ಪಾಠ ಇದು. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ದಾವಣಗೆರೆಯ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಬೇಸಿಗೆಯಲ್ಲಿ ಬೆಳಗ್ಗೆ ಮೂಡಣ ಗೋಡೆ, ಸಂಜೆ ಪಡುವಣ ಗೋಡೆ ಕಾಯುತ್ತವೆ. ಪಡುವಣದ್ದು ಕಾಯುವ ಹೊತ್ತಿಗೆ ಗಾಳಿಯೂ ಕಾದಿರುತ್ತದೆ. ಈ ಮನೆಯ ಪಡುವಣ ಗೋಡೆಗೆ ಎಲಿವೇಷನ್ನಿನ ಸಲುವಾಗಿ ಆರಡಿ ಅಗಲದ ಗಾಜು. ಮಧ್ಯಾಹ್ನ ಮೂರರಿಂದ ಆರರವರೆಗೆ ಹಾಲಿನಲ್ಲಿ ಕೂರುವಂತಿಲ್ಲ. ಪಾಮ್ ಮರ ಮೂವತ್ತು ಅಡಿ ಬೆಳೆಯುತ್ತದೆ, ನೆರಳನ್ನು ಎದುರು ಮನೆಗೋ ಮಾಡಿನ ಮೇಲಕ್ಕೋ ಕಳಿಸುತ್ತದೆ. ಹುಲ್ಲಂತೂ ನೆರಳು ಕೊಡುವುದಿಲ್ಲ. ಈ ಮನೆಗೆ ಬೇಕಾದ ಒಂದೇ ಒಂದು ಗಿಡ ಆ ಚಿತ್ರದಲ್ಲಿ ಇರಲಿಲ್ಲ. ಅದು ಹೊಂಗೆ. ಚಳಿಗಾಲ ಮುಗಿಯುವಾಗ ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ ಹೊಸ ಎಲೆ ಹೊದ್ದು, ಬಿಸಿಲು ಏರುವ ಮೊದಲೇ ಕೊಡೆ ಹಿಡಿದು ನಿಂತಿರುವ ಮರ.

ಎರಡನೆಯದು ನೀರು. ಹುಲ್ಲಿಗೆ ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರಿನಷ್ಟು ನೀರು ಬೇಕೆಂದು ಇಟ್ಟುಕೊಳ್ಳಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನಿಂತರೆ ಒಂದು ಲೀಟರ್. ಆ ಐನೂರು ಚದರಡಿಗೆ ದಿನಕ್ಕೆ ಸುಮಾರು 230 ಲೀಟರ್, ಹದಿನೈದು ಲೀಟರಿನ ಕೊಡದಲ್ಲಿ ಹದಿನೈದು ಕೊಡ. ನಾದಿನಿಯ ಬಡಾವಣೆಗೆ ಬೇಸಿಗೆಯಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರು ಕಟ್ಟಾದಾಗ ಕುಡಿಯುವ ನೀರನ್ನು ತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಅದೇ ಮನೆಯ ತಾರಸಿ 1200 ಚದರಡಿ. ಹತ್ತು ಮಿಲಿಮೀಟರಿನ ಒಂದು ಮಳೆ ಬಂದರೆ ಅದರ ಮೇಲೆ ಬೀಳುವುದು 1100 ಲೀಟರ್. ಆ ನೀರು ಪೈಪಿನಲ್ಲಿಳಿದು ನೇರ ಚರಂಡಿಗೆ ಹೋಗುವಂತೆ ಮಾಡಿದ್ದರು. ಮಾಡಿನ ನೀರು ಎಲ್ಲಿ ಬೀಳುತ್ತದೆಂದು ನೋಡಿ ಕೆಸು ನೆಟ್ಟವರ ಮಗಳ ಮನೆ ಇದು!

ಮೂರನೆಯದನ್ನು ನಾನು ಹೇಳಬೇಕಾಗಲಿಲ್ಲ. ಚಿತ್ರವನ್ನು ಅತ್ತೆಯ ಕೈಗೆ ಕೊಟ್ಟಾಗ ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ಎಲ್ಲ ಚೆಂದ ಇದ್ದು ಕೂಸೇ, ನಾ ಎಲ್ಲಿ ಕೂರದು?" ಎಂದರು. ಯಾರೂ ಮಾತಾಡಲಿಲ್ಲ. ಆ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅವರ ಕಾಲು ಮಣ್ಣು ಮುಟ್ಟಿರಲಿಲ್ಲ. ಪೋರ್ಟಿಕೋದ ನೆಲಕ್ಕೆ ಹೊಳಪಿನ ಟೈಲ್ಸ್, ಒದ್ದೆಯಾದರೆ ಜಾರುತ್ತದೆಂದು ಮಗಳು ಹೊರಗೆ ಬಿಡುತ್ತಿರಲಿಲ್ಲ. ತುಳಸಿ ಮಹಡಿಯ ಬಾಲ್ಕನಿಯ ಕುಂಡದಲ್ಲಿತ್ತು. ಹದಿನೆಂಟು ಮೆಟ್ಟಿಲು ಹತ್ತಲಾರದೆ ಅವರು ಪ್ರದಕ್ಷಿಣೆಯನ್ನು ಬಿಟ್ಟು, ಕೆಳಗಿನಿಂದಲೇ ಮಾಡಿಗೆ ಕೈಮುಗಿಯುತ್ತಿದ್ದರು.

ಕಂಟ್ರಾಕ್ಟರ್ ಒಳ್ಳೆಯವರೇ. "ಎಲ್ಲರೂ ಇದನ್ನೇ ಕೇಳ್ತಾರೆ ಮೇಡಂ, ಫೋಟೋದಲ್ಲಿ ಚೆನ್ನಾಗಿ ಬರುತ್ತೆ" ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ನಾದಿನಿಯ ಮಾತಿನಲ್ಲೂ ಇಲ್ಲ. ಅವಳು ಬ್ಯಾಂಕಿಗೆ ಹೋಗುವವಳು, ಬೆಳಗ್ಗೆ ಒಂಬತ್ತಕ್ಕೆ ಬಿಟ್ಟರೆ ಸಂಜೆ ಏಳಕ್ಕೆ ಬರುತ್ತಾಳೆ. "ಅತ್ತಿಗೆ, ಹೊಂಗೆ ಎಲೆ ಉದುರಿಸ್ತದೆ, ಕಾರಿನ ಮೇಲೆಲ್ಲ ಬೀಳ್ತದೆ. ಗುಡ್ಸೋರು ಯಾರು? ನೀವು ಸಾಗರದಿಂದ ಬರ್ತೀರಾ?" ಎಂದು ಕೇಳಿದಳು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವ ವಿಮರ್ಶೆಯನ್ನು ನಾನು ನಂಬುವುದಿಲ್ಲ. ಹಳೆಯ ಅಂಗಳವನ್ನು ಹೊಗಳುವವರಲ್ಲಿ ಪೊರಕೆ ಹಿಡಿದವರು ಕಡಿಮೆ. ಆದರೆ ಲೆಕ್ಕ ಹಾಕಿದರೆ ಹುಲ್ಲಿಗೂ ಕೆಲಸ ತಪ್ಪಿದ್ದಲ್ಲ; ತಿಂಗಳಿಗೊಮ್ಮೆಯಾದರೂ ಕತ್ತರಿಸಬೇಕು, ಕಳೆ ಕೀಳಬೇಕು, ಗೆದ್ದಲಿಗೆ ಔಷಧ ಹೊಡೆಯಬೇಕು. ನಡು ಬಗ್ಗಿಸಿ ಕೂತು ಕಳೆ ಕೀಳುವವರು ದಿನಗೂಲಿಯ ಹೆಂಗಸರು. ಕೆಲಸ ಹೋಗಿಲ್ಲ, ಕೆಲಸ ಮಾಡುವವರು ಬದಲಾಗಿದ್ದಾರೆ. ಹೊಂಗೆಯ ಎಲೆ ಬೀಳುವುದು ವರ್ಷದಲ್ಲಿ ಕೆಲವು ವಾರ. ಬಿದ್ದದ್ದನ್ನು ಬುಡಕ್ಕೇ ತಳ್ಳಿದರೆ ಗೊಬ್ಬರ.

ವಾದ ಎರಡು ಭಾನುವಾರ ನಡೆಯಿತು. ಇಂಜಿನಿಯರು ಬಂದು ಮರ ಬೆಳೆದರೆ ಗಾಜಿನ ಎಲಿವೇಷನ್ ಮುಚ್ಚಿಹೋಗುತ್ತದೆ ಎಂದರು. ಮುಚ್ಚಬೇಕೆಂದೇ ನೆಡುವುದು ಎಂದು ನಾನೆಂದೆ. ಅವರಿಗೆ ಅದು ಹಿಡಿಸಲಿಲ್ಲ. ವಾಸ್ತು ತಿಳಿದ ಬಂಧುವೊಬ್ಬರು ಈಶಾನ್ಯದಲ್ಲಿ ಮರ ಬೇಡ, ಪಡುವಣಕ್ಕೆ ದೊಡ್ಡ ಮರ ಒಳ್ಳೆಯದೇ ಎಂದು ಹೇಳಿ, ತಮಗೇ ತಿಳಿಯದೆ ನನ್ನ ಪಕ್ಷಕ್ಕೆ ಬಂದರು. ನಾನೂ ಸುಮ್ಮನೆ ತಲೆಯಾಡಿಸಿದೆ.

ಕೊನೆಗೆ ಆದದ್ದು ಹೀಗೆ. ನಾಲ್ಕರಲ್ಲಿ ಎರಡು ಪಾಮ್ ಉಳಿದವು, ಅವನ್ನು ಗೇಟಿನ ಪಕ್ಕಕ್ಕೆ ಕಳಿಸಿದರು. ಬುದ್ಧ ಬರಲಿಲ್ಲ. ಗೋಡೆಯಿಂದ ಹನ್ನೆರಡು ಅಡಿ ದೂರದಲ್ಲಿ, ಗಾಜಿಗೆ ನೇರವಾಗಿ ಒಂದು ಹೊಂಗೆ ನೆಟ್ಟರು. ಹುಲ್ಲು ಮೂರನೇ ಒಂದು ಪಾಲಿಗೆ ಇಳಿಯಿತು. ಅದನ್ನು ನಾದಿನಿ ಹಠ ಹಿಡಿದು ಉಳಿಸಿಕೊಂಡಳು, ಮೊಮ್ಮಗು ಬಂದರೆ ಆಡಲಿ ಎಂದು. ಅದು ನ್ಯಾಯವೇ. ಉಳಿದ ಜಾಗಕ್ಕೆ ಹೊಳಪಿಲ್ಲದ ಒರಟು ಶಹಾಬಾದ್ ಕಲ್ಲನ್ನು ಸಂದು ಬಿಟ್ಟು ಹಾಸಿದರು. ಗೇಟಿನಿಂದ ಬಾಗಿಲಿಗೆ ಅದು ನೇರ ದಾರಿ. ತುಳಸಿ ಮಹಡಿಯಿಂದ ಇಳಿದು ಬಾಗಿಲಿನೆದುರು ಕಟ್ಟೆಯ ಮೇಲೆ ಕೂತಿತು. ಸುತ್ತಲೂ ಒಬ್ಬರು ಕೋಲು ಹಿಡಿದು ನಡೆಯುವಷ್ಟು ಅಗಲ ಬಿಡಿ ಎಂದು ಮೇಸ್ತ್ರಿಗೆ ಹೇಳಿದವರು ಅತ್ತೆಯೇ. ಜಗಲಿ ಕಟ್ಟಲು ಜಾಗವಿರಲಿಲ್ಲ, ಎರಡು ಕಲ್ಲಿನ ಮೇಲೊಂದು ಚಪ್ಪಡಿ ಇಟ್ಟರು. ಅಲ್ಲಿ ಕೂತರೆ ಅಡಿಗೆಮನೆಯ ಕಿಟಕಿಯೂ ಕಾಣುತ್ತದೆ, ರಸ್ತೆಯೂ ಕಾಣುತ್ತದೆ.

ಹೊಂಗೆ ಈಗ ಆಳೆತ್ತರಕ್ಕೆ ಬಂದಿದೆ. ಗಾಜಿಗೆ ನೆರಳು ಬೀಳಲು ಇನ್ನೂ ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಬಿದಿರಿನ ಪರದೆ ಇಳಿಬಿಟ್ಟಿದ್ದಾರೆ. ಹೋದ ತಿಂಗಳು ನಾನು ಹೋದಾಗ ಅತ್ತೆ ಹಿಂದಿನ ಮೂರಡಿ ಓಣಿಯಲ್ಲಿ ಕೋಲೂರಿಕೊಂಡು ನಿಂತು, ವಾಷಿಂಗ್ ಮಷೀನಿನ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಪರೀಕ್ಷಿಸುತ್ತಿದ್ದರು. ಬಟ್ಟೆ ಜಾಲಿಸಿದ ನೀರನ್ನಾದರೂ ಮೂಲೆಗೆ ತಿರುಗಿಸಿದರೆ ಅಲ್ಲೊಂದು ಬಾಳೆ ಬರುತ್ತದೆ ಎಂದು ಅವರ ಅಂದಾಜು. ಬಿಸಿಲು ಸಾಲದು ಎಂದು ನನ್ನದು. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಬೀಳುತ್ತದೆ, ನಾನು ನಾಲ್ಕು ದಿನ ನೋಡಿದ್ದೇನೆ ಎಂದರು. ಪ್ಲಂಬರ್ ಬರುವ ಭಾನುವಾರ ಬರುತ್ತೇನೆ ಎಂದಿದ್ದಾನೆ.